ಸಾಲು ಬೆಂಚಿನಿಂದ ದುಂಡು ಕೂಟಕ್ಕೆ: ಷಿಕಾಗೋ ಸುತ್ತಿನ ಒಂದು ಶಾಲಾ ಇತಿಹಾಸ

ತರಗತಿಯಲ್ಲಿ ಮಕ್ಕಳು ಹೇಗೆ ಕೂರುತ್ತಾರೆ ಎಂಬುದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಅಲ್ಲಿ ಯಾರು ಮಾತಾಡುತ್ತಾರೆ, ಯಾರು ಸುಮ್ಮನಿರುತ್ತಾರೆ ಎಂಬುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಇದನ್ನು ಮನಗಂಡವರಲ್ಲಿ ಪ್ರಮುಖರು ಷಿಕಾಗೋ ವಿಶ್ವವಿದ್ಯಾಲಯದ ಜಾನ್ ಡ್ಯೂಯಿ. 1896ರಲ್ಲಿ ಅವರು ಅಲ್ಲಿ ಲ್ಯಾಬೊರೇಟರಿ ಶಾಲೆಯನ್ನು ತೆರೆದರು. ಮಕ್ಕಳ ಕೆಲಸಕ್ಕೆ ಒದಗುವ ಮೇಜು-ಕುರ್ಚಿಗಳಿಗಾಗಿ ಅಂಗಡಿ ಅಂಗಡಿ ಅಲೆದ ಕಥೆಯನ್ನು 1899ರ ಉಪನ್ಯಾಸವೊಂದರಲ್ಲಿ ಹೇಳಿಕೊಂಡರು. ಇಲ್ಲಿರುವುದೆಲ್ಲ ಕೂತು ಕೇಳುವುದಕ್ಕಷ್ಟೇ ಮಾಡಿದ್ದು ಎಂದು ಕೊನೆಗೆ ವ್ಯಾಪಾರಿಯೊಬ್ಬನೇ ಒಪ್ಪಿಕೊಂಡನಂತೆ. ಆ ಕಾಲದಲ್ಲಿ ಶಾಲೆಯ ಡೆಸ್ಕುಗಳನ್ನು ನೆಲಕ್ಕೆ ತಿರುಪು ಹಾಕಿ ಬಿಗಿಯುವುದೇ ವಾಡಿಕೆಯಾಗಿತ್ತು.

1940ರಲ್ಲಿ ಷಿಕಾಗೋದ ಉತ್ತರಕ್ಕಿರುವ ವಿನೆಟ್ಕಾದಲ್ಲಿ ಕ್ರೋ ಐಲ್ಯಾಂಡ್ ಶಾಲೆ ಎದ್ದಿತು. ಸಾರಿನೆನ್ ತಂದೆ-ಮಗ ಅದರ ವಿನ್ಯಾಸದಲ್ಲಿ ಪಾಲುಗೊಂಡಿದ್ದರು. ಅಲ್ಲಿ ಮೇಜು-ಕುರ್ಚಿಗಳು ಬೇಕಾದತ್ತ ಸರಿಯುವಂಥವು. ಕಿಟಕಿಯ ಪಕ್ಕದಲ್ಲೂ ಕೂರಲು ಜಾಗ.

ಕೂರುವ ರೀತಿ ಬದಲಾದಂತೆ ಓದಿನ ರೀತಿಯೂ ಬದಲಾಯಿತು. 1947ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಗ್ರೇಟ್ ಬುಕ್ಸ್ ಫೌಂಡೇಶನ್ ಗುಂಪು ಓದಿಗೆ ಒಂದು ಕ್ರಮವನ್ನು ರೂಢಿಗೆ ತಂದಿತು: ಚರ್ಚೆ ನಡೆಸುವವರು ಉತ್ತರ ಹೇಳಬಾರದು, ತಮಗೂ ಉತ್ತರ ಖಚಿತವಿಲ್ಲದ ಪ್ರಶ್ನೆ ಕೇಳಬೇಕು. ಇದೇ ಊರಿನ ಶಿಕ್ಷಣತಜ್ಞ ಹಾರ್ವಿ ಡೇನಿಯಲ್ಸ್ 1994ರಲ್ಲಿ ‘ಲಿಟರೇಚರ್ ಸರ್ಕಲ್ಸ್’ ಎಂಬ ಪುಸ್ತಕ ಬರೆದರು. ನಾಲ್ಕೈದು ಮಕ್ಕಳು ತಾವೇ ಆರಿಸಿದ ಪುಸ್ತಕವನ್ನು ಓದಿ, ದುಂಡಗೆ ಕೂತು ಚರ್ಚಿಸುವ ವಿಧಾನ ಅದು. ಪ್ರಶ್ನೆ ಕೇಳುವವರು, ಚಿತ್ರ ಬರೆಯುವವರು ಎಂದು ಕೆಲಸ ಹಂಚಿದ ಹಾಳೆಗಳೇ ಮುಖ್ಯವಾದರೆ ಮಾತು ಯಾಂತ್ರಿಕವಾಗುತ್ತದೆ ಎಂದೂ ಅವರೇ ಮುಂದೆ ಎಚ್ಚರಿಸಿದರು. ಕುರ್ಚಿ ಸರಿಸಿದರಷ್ಟೇ ಸಾಲದು, ಪ್ರಶ್ನೆಯೂ ನಿಜವಾದದ್ದಾಗಿರಬೇಕು.

ನಮಗೂ ಕೂಡಿ ಓದುವುದು ಹೊಸದಲ್ಲ. ಗಮಕದಲ್ಲಿ ಒಬ್ಬರು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ಆದರೆ ಕೇಳುಗರು ಕೇಳುಗರಾಗಿಯೇ ಉಳಿಯುತ್ತಾರೆ. ವಾದಕ್ಕೆ ಜಾಗವಿದ್ದುದು ಜಗಲಿಯಲ್ಲಿ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಶುರುವಾಗುವುದೂ ಅಂಥದೊಂದು ವಾದದಿಂದಲೇ: ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡಬೇಕಾದವರು ಯಾರು? ಪ್ರಾಣೇಶಾಚಾರ್ಯರಿಗೆ ಗ್ರಂಥಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಈ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದ ಎ.ಕೆ. ರಾಮಾನುಜನ್ ಪಾಠ ಹೇಳುತ್ತಿದ್ದುದು ಡ್ಯೂಯಿಯವರ ಅದೇ ವಿಶ್ವವಿದ್ಯಾಲಯದಲ್ಲಿ.

ನೇಪರ್‌ವಿಲ್‌ನಲ್ಲಿ ಬೆಳೆಯುವ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಸಾಲಾಗಿ ಕೂರಿಸಿ ಅಕ್ಷರ ತಿದ್ದಿಸಿದರೆ ಅವರು ಒಳ್ಳೆಯ ಕೇಳುಗರಾದಾರು, ಮಾತುಗಾರರಾಗುವುದು ಕಷ್ಟ. ಹೈಸ್ಕೂಲಿನ ಕೊನೆಯ ವರ್ಷಗಳ ಮಕ್ಕಳನ್ನು ಐದೈದು ಮಂದಿಯಂತೆ ದುಂಡಗೆ ಕೂರಿಸಿ, ಬೇಕಾದವರು ಅನುವಾದವನ್ನೇ ಓದಿ ಬರಲಿ ಎಂದು ಬಿಟ್ಟು, ನಾರಣಪ್ಪನ ಪ್ರಶ್ನೆಯನ್ನು ಮುಂದಿಡಬಹುದು. ದೊಡ್ಡವರೂ ಅದೇ ಸುತ್ತಿನಲ್ಲಿ ಕೂತು, ಉತ್ತರ ಹೇಳದೆ ಸ್ವಲ್ಪ ಹೊತ್ತು ತಾಳಿಕೊಂಡರೆ, ಒಪ್ಪದ ಮಗು ‘ಯಾಕೆ?’ ಎಂದು ಕನ್ನಡದಲ್ಲೇ ಕೇಳೀತು.