ಮೈದಾನ ಯಾರದು? ಪ್ರೆಸ್ಟನ್ ಹೆಂಗಸರ ಫುಟ್‌ಬಾಲ್ ಕಥೆ

2022ರ ಅಕ್ಟೋಬರ್ 30, ಭಾನುವಾರ. ನವಿ ಮುಂಬಯಿಯ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಫೈನಲ್. ಸ್ಪೇನ್ ಮತ್ತು ಕೊಲಂಬಿಯಾ ತಂಡಗಳ ಆಟ. ಮೊಮ್ಮಗಳ ಹಟಕ್ಕೆ ನಾನೂ ಹೋಗಿದ್ದೆ. ಆಟದ ನಿಯಮ ನನಗೆ ಅರ್ಧಂಬರ್ಧ ಗೊತ್ತು. ಸ್ಪೇನ್ 1-0ಯಿಂದ ಗೆದ್ದಾಗ ಮೊಮ್ಮಗಳು ಕುಣಿದಳು. ಮನೆಗೆ ಮರಳುವಾಗ ಕೇಳಿದಳು: "ಅಜ್ಜಿ, ಶಾಲೆಯಲ್ಲಿ ನೀನು ಫುಟ್‌ಬಾಲ್ ಆಡ್ತಿದ್ಯಾ?"

"ನಮ್ಮೂರ ಶಾಲೆಯಲ್ಲಿ ಮೈದಾನ ಹುಡುಗರದ್ದು ಮಗಾ. ನಮಗೆ ಜಗಲಿ ಪಕ್ಕದ ಅಂಗಳ, ಕುಂಟೆಬಿಲ್ಲೆ" ಎಂದೆ.

"ಹುಡುಗಿಯರು ಆಡಬಾರದು ಅಂತ ರೂಲ್ ಇತ್ತಾ?"

ರೂಲ್ ಏನೂ ಇರಲಿಲ್ಲ. ಯಾರೂ ಆಡಬೇಡಿ ಎಂದಿರಲಿಲ್ಲ. ಮೈದಾನ ಮಾತ್ರ ನಮಗೆ ಸಿಗುತ್ತಿರಲಿಲ್ಲ. ಅವಳ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಹೆಂಗಸರ ಫುಟ್‌ಬಾಲ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಸಿಕ್ಕಿದ್ದು ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದ 'ಡಿಕ್, ಕೆರ್ ಲೇಡೀಸ್' ಎಂಬ ಕ್ಲಬ್ಬಿನ ಕಥೆ. ನಮ್ಮ ವೇದಿಕೆಯ ಗೆಳತಿಯರೂ ಅದನ್ನು ತಿಳಿಯಬೇಕು ಅನ್ನಿಸಿತು.

ಡಿಕ್, ಕೆರ್ ಅಂಡ್ ಕಂಪೆನಿ ಟ್ರಾಮ್ ಮತ್ತು ವಿದ್ಯುತ್ ಉಪಕರಣ ತಯಾರಿಸುತ್ತಿದ್ದ ಕಾರ್ಖಾನೆ. ಮುಂದೆ ಅದು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪೆನಿಯ ಭಾಗವಾಯಿತು. 1950ರ ದಶಕದಲ್ಲಿ ನಮ್ಮ ಮುಂಬಯಿ-ಪುಣೆ ದಾರಿಗೆ ವಿದ್ಯುತ್ ಎಂಜಿನ್‌ಗಳನ್ನು ಕೊಟ್ಟದ್ದೂ ಅದೇ ಇಂಗ್ಲಿಷ್ ಎಲೆಕ್ಟ್ರಿಕ್. ಮೊದಲ ಮಹಾಯುದ್ಧ ಶುರುವಾದಾಗ ಗಂಡಸರು ಸೈನ್ಯಕ್ಕೆ ಹೋದರು, ಕಾರ್ಖಾನೆಗಳಲ್ಲಿ ಮದ್ದುಗುಂಡು ತಯಾರಿಸುವ ಕೆಲಸಕ್ಕೆ ಹೆಂಗಸರು ಬಂದರು. ಬಿಡುವಿನ ವೇಳೆಯಲ್ಲಿ ಅಂಗಳದಲ್ಲೇ ಅಲ್ಲಿದ್ದ ಹುಡುಗರ ಜೊತೆ ಚೆಂಡು ಒದೆಯತೊಡಗಿದರು. ಕಚೇರಿಯ ಕಿಟಕಿಯಿಂದ ಇದನ್ನು ನೋಡಿದ ಆಲ್ಫ್ರೆಡ್ ಫ್ರ್ಯಾಂಕ್‌ಲೆಂಡ್ ಎಂಬ ಉದ್ಯೋಗಿ ತಂಡದ ಜವಾಬ್ದಾರಿ ಹೊತ್ತರು.

1917ರ ಕ್ರಿಸ್‌ಮಸ್ ದಿನ, ಗಾಯಾಳು ಸೈನಿಕರ ಆಸ್ಪತ್ರೆಯ ಸಹಾಯಾರ್ಥ ಪ್ರೆಸ್ಟನ್ನಿನ ಡೀಪ್‌ಡೇಲ್ ಮೈದಾನದಲ್ಲಿ ಅವರ ಮೊದಲ ದೊಡ್ಡ ಪಂದ್ಯ ನಡೆಯಿತು. ಎದುರಾಳಿಗಳು ಇನ್ನೊಂದು ಕಾರ್ಖಾನೆಯ ಹೆಂಗಸರು. ಹತ್ತು ಸಾವಿರ ಜನ ಸೇರಿದರು. ಡಿಕ್, ಕೆರ್ ತಂಡ 4-0ಯಿಂದ ಗೆದ್ದಿತು. ಅಲ್ಲಿಂದ ಮುಂದೆ ಊರೂರಿನಿಂದ ಆಹ್ವಾನ. ವಾರವಿಡೀ ಕಾರ್ಖಾನೆಯ ಕೆಲಸ, ರಜೆಯ ದಿನ ಪಂದ್ಯ. ಆಟಗಾರ್ತಿಯರಿಗೆ ಸಿಗುತ್ತಿದ್ದದ್ದು ಕೆಲಸ ತಪ್ಪಿದ ಹೊತ್ತಿಗೆ ಮತ್ತು ಓಡಾಟಕ್ಕೆ ಪಂದ್ಯಕ್ಕೆ ಹತ್ತು ಶಿಲಿಂಗ್. ಉಳಿದ ಹಣ ಆಸ್ಪತ್ರೆಗಳಿಗೆ, ಕೆಲಸವಿಲ್ಲದ ಮಾಜಿ ಸೈನಿಕರಿಗೆ.

1920ರಲ್ಲಿ ಆಲಿಸ್ ಮಿಲಿಯಾ ಅವರು ಫ್ರಾನ್ಸಿನ ಹೆಂಗಸರ ತಂಡವನ್ನು ಕರೆತಂದರು. ಡೀಪ್‌ಡೇಲ್‌ನಲ್ಲಿ ಆ ಪಂದ್ಯಕ್ಕೆ ಸೇರಿದವರು 25,000. ಅದೇ ವರ್ಷ ಡಿಸೆಂಬರಿನಲ್ಲಿ ಸಂಜೆ ಕತ್ತಲಾದ ಮೇಲೂ ಒಂದು ಪಂದ್ಯ ಆಡಿದರು. ಯುದ್ಧಕಾಲದಲ್ಲಿ ಶತ್ರು ವಿಮಾನ ಹುಡುಕಲು ಬಳಸಿದ್ದ ಎರಡು ಸರ್ಚ್‌ಲೈಟುಗಳನ್ನು ಸರಕಾರದಿಂದ ಎರವಲು ಪಡೆದರು. ಚೆಂಡು ಕಾಣಲೆಂದು ಅದಕ್ಕೆ ಬಿಳಿ ಬಣ್ಣ ಬಳಿದರು.

ಹತ್ತು ದಿನಗಳ ಬಳಿಕ, ಡಿಸೆಂಬರ್ 26ರಂದು, ಲಿವರ್‌ಪೂಲಿನ ಗೂಡಿಸನ್ ಪಾರ್ಕ್‌ನಲ್ಲಿ ಸೇಂಟ್ ಹೆಲೆನ್ಸ್ ತಂಡದ ವಿರುದ್ಧ ಆಟ. ಒಳಗೆ 53,000 ಜನ, ಜಾಗವಿಲ್ಲದೆ ಹೊರಗಿನಿಂದಲೇ ಹಿಂದಿರುಗಿದವರು ಸಾವಿರಾರು. ಸಂಗ್ರಹವಾದದ್ದು 3,115 ಪೌಂಡ್. ಹೆಂಗಸರ ಕ್ಲಬ್ ಪಂದ್ಯವೊಂದಕ್ಕೆ ಸೇರಿದ ಜನರ ಈ ದಾಖಲೆ ತೊಂಬತ್ತು ವರ್ಷಕ್ಕೂ ಮಿಕ್ಕಿ ಉಳಿಯಿತು. ಅಷ್ಟು ಕಾಲ ಅದನ್ನು ಯಾರೂ ಮುರಿಯದಿರಲು ಒಂದು ಕಾರಣವಿದೆ.

ಒಂದು ವರ್ಷ ಕಳೆಯುವುದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಒಂದು ಠರಾವು ಮಾಡಿತು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟವಲ್ಲ, ಅದಕ್ಕೆ ಪ್ರೋತ್ಸಾಹ ಕೊಡಕೂಡದು ಎಂಬುದು ಅದರ ಸಾರ. ಸಹಾಯಾರ್ಥ ಪಂದ್ಯಗಳ ಹಣದಲ್ಲಿ ಖರ್ಚಿಗೆ ಹೆಚ್ಚು ಹೋಗುತ್ತಿದೆ ಎಂಬ ದೂರೂ ಅದರಲ್ಲಿತ್ತು. ಈ ಆಟ ಹೆಂಗಸರ ಮೈಗೆ ಒಗ್ಗದು ಎಂದು ಹೇಳುವ ವೈದ್ಯರೂ ಆಗ ಸಿಕ್ಕಿದರು. ಕಾರ್ಖಾನೆಯಲ್ಲಿ ಮದ್ದುಗುಂಡು ತುಂಬುವಾಗ ಒಗ್ಗಿದ ಮೈ, ಚೆಂಡು ಒದೆಯುವಾಗ ಒಗ್ಗದೆ ಹೋಯಿತು!

ಆ ಠರಾವು ಹೆಂಗಸರಿಗೆ 'ಆಡಬೇಡಿ' ಎನ್ನಲಿಲ್ಲ. ಅವರು ಅಸೋಸಿಯೇಷನ್ನಿನ ಸದಸ್ಯರೇ ಅಲ್ಲವಾದ್ದರಿಂದ ಹಾಗೆನ್ನುವ ಅಧಿಕಾರವೂ ಅದಕ್ಕಿರಲಿಲ್ಲ. ತನ್ನ ಸದಸ್ಯ ಕ್ಲಬ್ಬುಗಳಿಗೆ, ನಿಮ್ಮ ಮೈದಾನವನ್ನು ಹೆಂಗಸರ ಪಂದ್ಯಕ್ಕೆ ಕೊಡಬೇಡಿ ಎಂದಿತು. ಒಳ್ಳೆಯ ಮೈದಾನ, ಜನ ಕೂರುವ ಗ್ಯಾಲರಿ, ಟಿಕೆಟ್ ಕಿಟಕಿ, ಎಲ್ಲ ಇದ್ದದ್ದು ಆ ಕ್ಲಬ್ಬುಗಳಲ್ಲೇ. ಒಂದು ಕಾಗದದಿಂದ ಅಷ್ಟೂ ಗೇಟುಗಳು ಮುಚ್ಚಿದವು. ಆಗ ಇಂಗ್ಲೆಂಡಿನಲ್ಲಿ ಸುಮಾರು 150 ಹೆಂಗಸರ ತಂಡಗಳಿದ್ದವು ಎನ್ನುತ್ತಾರೆ. ಬಹುಪಾಲು ತಂಡಗಳು ಕ್ರಮೇಣ ಕರಗಿಹೋದವು.

ಡಿಕ್, ಕೆರ್ ತಂಡ ಬಿಡಲಿಲ್ಲ. ರಗ್ಬಿ ಮೈದಾನ, ಪಾರ್ಕು, ಸಿಕ್ಕಲ್ಲಿ ಆಡಿತು. 1922ರಲ್ಲಿ ಹಡಗು ಹತ್ತಿ ಹೊರಟಿತು. ಕೆನಡಾದಲ್ಲಿ ಆಡಲು ಅಲ್ಲಿನ ಸಂಸ್ಥೆ ಬಿಡಲಿಲ್ಲ. ಅಮೆರಿಕದಲ್ಲಿ ಗಂಡಸರ ತಂಡಗಳೊಂದಿಗೇ ಆಡಿ, ಕೆಲವನ್ನು ಗೆದ್ದೂ ಬಂದಿತು. 1926ರಲ್ಲಿ ಕಂಪೆನಿಯ ಜೊತೆ ಫ್ರ್ಯಾಂಕ್‌ಲೆಂಡ್‌ರ ಸಂಬಂಧ ಮುರಿದ ಮೇಲೆ 'ಪ್ರೆಸ್ಟನ್ ಲೇಡೀಸ್' ಎಂಬ ಹೆಸರು ಬಂತು.

ಈ ತಂಡದ ಲಿಲಿ ಪಾರ್ ಹುಟ್ಟಿದ್ದು 1905ರಲ್ಲಿ, ಸೇಂಟ್ ಹೆಲೆನ್ಸ್‌ನ ಬಡ ಕುಟುಂಬದಲ್ಲಿ. ಹದಿಹರೆಯದಲ್ಲೇ ತಂಡ ಸೇರಿದಳು. ಎಡಗಾಲಿನ ಒದೆತಕ್ಕೆ ಹೆಸರಾದಳು. ಮುಂದೆ ಮಾನಸಿಕ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯುತ್ತಲೇ 1951ರವರೆಗೂ ಆಡಿದಳು. ಅವಳ ಗೋಲುಗಳು ಸಾವಿರದ ಹತ್ತಿರ ಎಂಬ ಅಂದಾಜಿದೆ. 1978ರಲ್ಲಿ ತೀರಿಕೊಂಡಳು. ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂ ತನ್ನ ಗೌರವ ಪಟ್ಟಿಗೆ ಅವಳ ಹೆಸರು ಸೇರಿಸಿದ್ದು 2002ರಲ್ಲಿ.

800ಕ್ಕೂ ಹೆಚ್ಚು ಪಂದ್ಯ ಆಡಿದ ಆ ಕ್ಲಬ್ 1965ರಲ್ಲಿ ಮುಚ್ಚಿತು. ಹೊಸ ಆಟಗಾರ್ತಿಯರೇ ಸಿಗುತ್ತಿರಲಿಲ್ಲ. ಸಿಗುವುದಾದರೂ ಹೇಗೆ? ಮೈದಾನದಲ್ಲಿ ಹೆಂಗಸರ ಆಟ ನೋಡದೆಯೇ ಎರಡು ತಲೆಮಾರು ಬೆಳೆದಿತ್ತು. ಕ್ಲಬ್ ಮುಚ್ಚಿ ಐದಾರು ವರ್ಷಕ್ಕೆ ಅಸೋಸಿಯೇಷನ್ ತನ್ನ ನಿಷೇಧವನ್ನು ಹಿಂತೆಗೆದುಕೊಂಡಿತು. ನಮ್ಮ ದೇಶದಲ್ಲಿ ಹೆಂಗಸರ ಫುಟ್‌ಬಾಲ್‌ಗೆ ಒಂದು ಫೆಡರೇಶನ್ ಬಂದದ್ದು 1975ರಲ್ಲಿ. ನನ್ನ ಶಾಲೆಯ ದಿನಗಳು ಅಷ್ಟರಲ್ಲಿ ಮುಗಿದಿದ್ದವು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಹಾಗಾದರೆ ನಿಮ್ಮ ಸಂಘದ ಸ್ಪೋರ್ಟ್ಸ್ ಡೇಯಲ್ಲಿ ಹುಡುಗಿಯರ ಫುಟ್‌ಬಾಲ್ ಯಾಕಿಲ್ಲ ಅಜ್ಜಿ?"

ಎಷ್ಟೋ ವರ್ಷದಿಂದ ಕ್ರೀಡೋತ್ಸವದ ದಿನ ಬೆಳಗಿನಿಂದ ಗಂಡಸರ ಕ್ರಿಕೆಟ್. ಅದು ಮುಗಿದು ಊಟವಾದ ಮೇಲೆ, ಬಿಸಿಲಿನಲ್ಲಿ, ಮೈದಾನದ ಒಂದು ಮೂಲೆಯಲ್ಲಿ ನಮ್ಮ ಲಿಂಬೆ-ಚಮಚ ಓಟ, ಸಂಗೀತ ಕುರ್ಚಿ. ಯಾರೂ ನಮಗೆ ಬೇಡ ಎಂದದ್ದಿಲ್ಲ. ನಾವೂ ಕೇಳಿದ್ದಿಲ್ಲ. ಪಟ್ಟಿ ತಯಾರಿಸುವ ಸಮಿತಿಯಲ್ಲಿ ನಾನೂ ಇದ್ದವಳೇ. ತಪ್ಪಿನಲ್ಲಿ ನನಗೂ ಪಾಲಿದೆ.

ಈ ಸಲ ಪಟ್ಟಿಗೆ ಒಂದು ಸಾಲು ಸೇರಿಸಿ ಕೊಟ್ಟಿದ್ದೇನೆ: ಹುಡುಗಿಯರ ಫುಟ್‌ಬಾಲ್, ಬೆಳಿಗ್ಗೆ 9 ಗಂಟೆ, ಪೂರ್ತಿ ಮೈದಾನ. ಹೆಸರು ಕೊಟ್ಟವರು ಈಗ ಎಂಟು ಮಂದಿ. ನಿಮ್ಮ ಮನೆಯ ಮಗಳು, ಸೊಸೆ, ಮೊಮ್ಮಗಳು ಯಾರಿದ್ದರೂ ಕಳಿಸಿ. ಎರಡು ತಂಡಕ್ಕೆ ಇನ್ನೂ ಹದಿನಾಲ್ಕು ಜನ ಬೇಕು.