ಹಿಂಬನಿಯ ದಿನಗಳು

ತೈ ತಿಂಗಳ ಪನಿ ನೆಲ ಕೊರೆಯುತ್ತದೆ, ಮಾಸಿ ತಿಂಗಳ ಪನಿ ಮಾಳಿಗೆಯನ್ನೇ ಕೊರೆಯುತ್ತದೆ ಎಂದು ತಮಿಳಿನಲ್ಲೊಂದು ಗಾದೆ. ಫೆಬ್ರವರಿಯ ನಡುವಿನಲ್ಲಿ ತಮಿಳುನಾಡಿನ ದಿಂಡಿಗಲ್ ಸೀಮೆಯ ನಿಲಕ್ಕೋಟ್ಟೈಯ ತೋಟಗಳ ಕಡೆ ಬೆಳಗಿನ ಜಾವ ಕಾಲಿಟ್ಟವರಿಗೆ ಈ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಗಂಟೆಗೆಲ್ಲ ಬೆನ್ನು ಸುಡುವ ಬಿಸಿಲು. ಐದಕ್ಕೆ ಎದ್ದರೆ ಸೈಕಲ್ಲಿನ ಸೀಟು ಒದ್ದೆ, ಬದುವಿನ ಹುಲ್ಲು ಒದ್ದೆ, ರಾತ್ರಿ ತಂತಿಯ ಮೇಲೆ ಮರೆತ ಟವೆಲು ಹಿಂಡುವಷ್ಟು ಒದ್ದೆ. ಪೂರ್ವಕ್ಕೆ ಸಿರುಮಲೈ, ಪಶ್ಚಿಮಕ್ಕೆ ಕೊಡೈಕನಾಲಿನ ಬೆಟ್ಟಸಾಲು. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಬೆಟ್ಟದ ಮೇಲಿನ ತಣ್ಣನೆಯ ಗಾಳಿ ಇಳಿದು ಬಯಲಿನಲ್ಲಿ ನಿಲ್ಲುತ್ತದೆ, ಗಾಳಿಯಲ್ಲಿದ್ದ ತೇವ ಎಲೆಯ ಮೇಲೆ ಕೂರುತ್ತದೆ. ಇಲ್ಲಿನವರು ಅದನ್ನು ಪನಿ ಅನ್ನುತ್ತಾರೆ. ಎಲೆಯ ಮೇಲೆ ಕೂತ ಇಬ್ಬನಿಯೂ ಪನಿ, ರಸ್ತೆ ಮುಚ್ಚುವ ಮಂಜೂ ಪನಿ, ಮೂಳೆಗಿಳಿಯುವ ಚಳಿಯೂ ಪನಿ.

ಈ ಪನಿ ನಮ್ಮ ಮನೆಯದೇ. ಹಳಗನ್ನಡದಲ್ಲಿ ಪನಿ ಎಂದೇ ಇತ್ತು. ಪಾಲು ಹಾಲಾದಾಗ, ಪಲ್ಲು ಹಲ್ಲಾದಾಗ, ಪೂ ಹೂವಾದಾಗ ಪನಿಯೂ ಹನಿಯಾಯಿತು. ಜೋಡಿಪದಗಳ ಒಳಗೆ ಅಡಗಿ ಕೂತ ಪನಿ ಮಾತ್ರ ಹಕಾರದ ಕೈಗೆ ಸಿಗದೆ ಉಳಿದುಕೊಂಡಿತು. ಕಣ್ಣಿನ ಪನಿ ಕಂಬನಿ. ಹುಲ್ಲಿನ ತುದಿಯ ಇಬ್ಬನಿಯಲ್ಲೂ ಅದೇ ಬನಿ. ಮದುವೆಮನೆಯ ಬಾಗಿಲಲ್ಲಿ ಚಿಮುಕಿಸುವ ಪನ್ನೀರಿನಲ್ಲೂ ಅದೇ ಪನಿಯಿದೆ. ಕಂಬಂ ಕಣಿವೆಯಲ್ಲಿ ಬೆಳೆಯುವ ಕಪ್ಪು ದ್ರಾಕ್ಷಿಗೆ ಅದರ ಪರಿಮಳದಿಂದಾಗಿ ಪನ್ನೀರ್ ದ್ರಾಕ್ಷಿ ಎಂದೇ ಹೆಸರು. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು.

ಹಳೆಯ ತಮಿಳು ವರ್ಷವನ್ನು ಆರು ಹೊತ್ತುಗಳಾಗಿ ಭಾಗ ಮಾಡುತ್ತದೆ. ಅದರಲ್ಲಿ ಎರಡು ಪನಿಯವು: ಮಾರ್ಗಳಿ, ತೈ ತಿಂಗಳುಗಳದು ಮುನ್‌ಪನಿ, ಮಾಸಿ, ಪಂಗುಣಿಯದು ಪಿನ್‌ಪನಿ. ನಮ್ಮ ಹೇಮಂತ, ಶಿಶಿರಗಳ ಜಾಗದಲ್ಲಿ ಕೂತಿರುವ ಈ ಹೆಸರುಗಳನ್ನು ಕೇಳಿದಾಗಲೆಲ್ಲ ನನಗೆ ಮುಂಗಾರು, ಹಿಂಗಾರು ನೆನಪಾಗುತ್ತವೆ. ಅದೇ ಮುನ್, ಅದೇ ಹಿನ್. ನಾವು ಕಾರನ್ನು, ಅಂದರೆ ಮಳೆಯನ್ನು, ಮುಂದಿನದು ಹಿಂದಿನದು ಎಂದು ಹಂಚಿಕೊಂಡೆವು; ಅವರು ಪನಿಯನ್ನು ಹಂಚಿಕೊಂಡರು. ಕನ್ನಡದಲ್ಲಿ ಮುಂಬನಿ, ಹಿಂಬನಿ ಎಂಬ ಮಾತುಗಳು ಬಳಕೆಯಲ್ಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಶಿವರಾತ್ರಿ ಕಳೆದರೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಅನ್ನುತ್ತೇವೆ. ಓಡುವ ಮೊದಲು ಅದು ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡುವ ಈ ಕೆಲವು ವಾರಗಳಿಗೆ ನಮ್ಮ ಅಡುಗೆಮನೆಯ ಮಾತಿನಲ್ಲಿ ಬೇರೆ ಹೆಸರೇ ಇಲ್ಲ. ಹಾಗಾಗಿ ಇದನ್ನು ಹಿಂಬನಿ ಎಂದು ಕರೆಯಲು ನಾನು ಶುರುಮಾಡಿದ್ದೇನೆ.

ನಿಲಕ್ಕೋಟ್ಟೈ ಹೂವಿನ ಊರು. ಸುತ್ತಲಿನ ಹಳ್ಳಿಗಳ ಮಲ್ಲಿಗೆ, ಸೇವಂತಿಗೆ, ಸುಗಂಧರಾಜ, ಕನಕಾಂಬರ ಇಲ್ಲಿನ ಪೇಟೆಗೆ ಬಂದು ತೂಕಕ್ಕೆ ಬೀಳುತ್ತವೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಮದುರೈ ಮಲ್ಲಿಗೆ ಬೆಳೆಯುವ ಸೀಮೆಯೊಳಗೆ ಇದೂ ಸೇರಿದೆ. ಅರಳುವ ಮೊದಲೇ ಮೊಗ್ಗು ಬಿಡಿಸಬೇಕು. ಅದಕ್ಕಾಗಿ ಹೆಂಗಸರು ಹಣೆಗೆ ದೀಪ ಕಟ್ಟಿಕೊಂಡು ಕತ್ತಲಲ್ಲೇ ಸಾಲಿಗಿಳಿಯುತ್ತಾರೆ. ಈ ದಿನಗಳಲ್ಲಿ ಅವರ ಸೆರಗು ಸೊಂಟದ ತನಕ ತೊಯ್ದಿರುತ್ತದೆ. ನಾನು ಇಳಿದುಕೊಂಡಿದ್ದ ಮನೆಯ ಹಿರಿಯರನ್ನು ಈ ಸಲ ಹೂವು ಹೇಗಿದೆ ಎಂದು ಕೇಳಿದೆ. "ಪನಿ ಇಳಿಯೋ ತನಕ ಮೊಗ್ಗು ಎಲ್ಲಪ್ಪಾ ಬರ್ತದೆ? ಇರೋ ನಾಲ್ಕು ಮೊಗ್ಗೂ ಕಪ್ಪಾಗಿ ಕೂತಾವೆ" ಅಂದರು ಆ ಅವ್ವ. ಚಳಿಗೆ ಮಲ್ಲಿಗೆ ಗಿಡ ಮುದುಡುತ್ತದೆ, ಒದ್ದೆ ನಿಂತರೆ ಮೊಗ್ಗಿನ ಮೇಲೆ ಕಲೆ ಬೀಳುತ್ತದೆ. ಮೇಲಾಗಿ ನವೆಂಬರಿನ ಕೊನೆಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿರುತ್ತಾರೆ. ಇಲ್ಲಿನ ಮಾತಿನಲ್ಲಿ ಅದು ಕವಾತ್ತು. ಸವರಿದ ಗಿಡ ತುಂಬಿ ಹೂ ಬಿಡುವುದು ಮಾರ್ಚಿನ ಮೇಲೆ. ಹೀಗಾಗಿ ಹೂವು ಬೇಕಾದಾಗ ಹೂವಿಲ್ಲ. ಪೊಂಗಲ್ ಹೊತ್ತಿಗೆ ಮಲ್ಲಿಗೆಯ ಬೆಲೆ ಕಿಲೋಗೆ ಎರಡು ಸಾವಿರ, ಮೂರು ಸಾವಿರ ದಾಟಿತು ಎಂಬ ಸುದ್ದಿ ವರ್ಷ ವರ್ಷವೂ ಬರುತ್ತದೆ. ಮಾಸಿಯಲ್ಲಿ ದಿಂಡಿಗಲ್ಲಿನ ಕೋಟೆ ಮಾರಿಯಮ್ಮನ ಹಬ್ಬ, ಅದರ ಜೊತೆಗೆ ಮುಹೂರ್ತಗಳು. ಬಿಸಿಲು ಬಲಿತು ಮೊಗ್ಗು ಬುಟ್ಟಿ ತುಂಬುವ ಹೊತ್ತಿಗೆ ಬೆಲೆ ನೆಲ ಕಚ್ಚಿರುತ್ತದೆ, ಮಿಕ್ಕ ಹೂವು ಸುಗಂಧ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಬೆಳೆದವರ ಕೈಯಲ್ಲಿ ಹೂವಿದ್ದಾಗ ದುಡ್ಡಿಲ್ಲ, ದುಡ್ಡಿದ್ದಾಗ ಹೂವಿಲ್ಲ. ಇದನ್ನು ಹೇಳುವಾಗ ಅವ್ವನ ದನಿಯಲ್ಲಿ ದೂರೇನೂ ಇರಲಿಲ್ಲ. ನನಗೆ ಮಾತ್ರ ಅದು ಇನ್ನೂ ಒಪ್ಪಿಗೆಯಾಗಿಲ್ಲ.

ಆ ಮನೆಯಲ್ಲಿ ಮಾತಾಡುವುದು ಕನ್ನಡ. ದಿಂಡಿಗಲ್, ತೇಣಿ, ಕಂಬಂ ಸೀಮೆಯಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ತಲೆತಲಾಂತರದಿಂದ ಇವೆ: ಬೇಸಾಯದ ಕಪ್ಪಿಲಿಯರು, ಅನುಪ್ಪರು, ನೇಯ್ಗೆಯ ದೇವಾಂಗರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಏಳು ಸಂಪುಟಗಳಲ್ಲಿ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡದ ರೈತರೆಂದೇ ಬರೆದಿದ್ದಾನೆ. ಕಂಬಂನಲ್ಲಿ ಅವರು ದೇವರಿಗೆ ಬಿಟ್ಟು ಸಾಕುವ ದನದ ಹಿಂಡನ್ನು ದೇವರ ಆವು ಎಂದು ಕರೆಯುವುದೂ ಅಲ್ಲಿ ದಾಖಲಾಗಿದೆ. ನಾವು ಪುಸ್ತಕಕ್ಕೆ ಬಿಟ್ಟುಕೊಟ್ಟ ಆವು ಅಲ್ಲಿ ಕೊಟ್ಟಿಗೆಯಲ್ಲಿ ಬದುಕಿತ್ತು. ಈ ಮನೆಗಳ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು ಅಕ್ಷರ. ಅಡುಗೆಮನೆಯಲ್ಲಿ ಹೂ, ಪೇಟೆಯಲ್ಲಿ ಪೂ. ಮನೆಯೊಳಗೆ ಹನಿ, ಹೊಲದಲ್ಲಿ ಪನಿ. ನಮ್ಮ ಭಾಷೆ ಶತಮಾನಗಳಲ್ಲಿ ದಾಟಿ ಬಂದ ಹೊಳೆಯನ್ನು ಇವರು ದಿನಕ್ಕೆ ಹತ್ತು ಸಲ ಆಚೀಚೆ ದಾಟುತ್ತಾರೆ.

ಇಲ್ಲಿಂದ ಪಡುವಣಕ್ಕೆ ಬತ್ಲಗುಂಡು, ತೇಣಿ, ಕಂಬಂ, ಗೂಡಲೂರು ಹಾದು ಘಟ್ಟ ಹತ್ತಿದರೆ ಕುಮಳಿ, ಅಲ್ಲಿಂದಲೇ ಕೇರಳ. ಕುಮಳಿಯಲ್ಲಿ ಪನಿ ಅಂದರೆ ಜ್ವರ. ಚಳಿ ಮೈಗೇರಿದಾಗ ಬರುವ ನಡುಕಕ್ಕೆ ಮಲಯಾಳದವರು ಅದೇ ಹೆಸರು ಇಟ್ಟುಕೊಂಡರು. ಕಂಬಂ ಕಣಿವೆಯ ಹೆಂಗಸರು ಬೆಳಗಾಗುವ ಮೊದಲೇ ಜೀಪು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಕೆಳಗೆ ಪನಿಯಲ್ಲಿ ಹೊರಟವರಿಗೆ ಮೇಲೆ ಪನಿ ಬಂದರೆ ಆ ದಿನದ ಕೂಲಿ ಹೋಯಿತು. ಅವರ ಬಾಯಲ್ಲಿ ಎರಡು ಅರ್ಥಗಳೂ ಇರಲೇಬೇಕು. ಒಂದು ಘಟ್ಟದ ಅಂತರದಲ್ಲಿ ಹವೆಯ ಹೆಸರು ಕಾಯಿಲೆಯ ಹೆಸರಾಗುವುದು ನಿಘಂಟಿನಲ್ಲಿ ಓದುವವರಿಗೆ ಸೋಜಿಗ, ಜೀಪಿನಲ್ಲಿ ಕೂತವರಿಗೆ ಅನುಭವ.

ಕನ್ನಡ ಏನು ಮಾಡಿತು? ಪನಿಯಿಂದ ಚಳಿಯನ್ನು ತೆಗೆದು ಎಣಿಕೆಯನ್ನು ಉಳಿಸಿಕೊಂಡಿತು ಅಂತ ನನಗನ್ನಿಸುತ್ತದೆ. ತಮಿಳಿನ ಪನಿಯನ್ನು ಎಣಿಸಲಾಗದು, ಅದು ಊರಿನ ಮೇಲೆಲ್ಲ ಬೀಳುತ್ತದೆ. ನಮ್ಮ ಹನಿಯನ್ನು ಎಣಿಸಬಹುದು, ಹಂಚಬಹುದು, ಕೂಡಿಡಬಹುದು. ಹನಿ ಹನಿ ಕೂಡಿದರೆ ಹಳ್ಳ. ಔಷಧಿಯ ಎರಡು ಹನಿ. ಕಣ್ಣು ಹನಿಗೂಡುವುದು. ಸಾಯುವವರ ಬಾಯಿಗೆ ಬಿಡುವ ಕೊನೆಯ ಹನಿ. ಕೆಲವೇ ಸಾಲಿನಲ್ಲಿ ಮುಗಿಯುವ ಪದ್ಯ ಹನಿಗವನ.

ಹನಿಯಾದರೂ ತನ್ನ ಹಿಂಬನಿಯನ್ನು ಪೂರ್ತಿ ಮರೆತಿಲ್ಲ. ಗದಗ, ಧಾರವಾಡದ ಕಪ್ಪುನೆಲದಲ್ಲಿ ಮಳೆ ನಿಂತ ಮೇಲೆ ಕಡಲೆಯೂ ಬಿಳಿಜೋಳವೂ ನೆಲದ ತೇವ, ಇಬ್ಬನಿಯ ಬಲದ ಮೇಲೆ ಬೆಳೆಯುತ್ತವೆ. ಕಡಲೆ ಗಿಡದ ಎಲೆ ಹುಳಿ ಸೂಸುತ್ತದೆ. ರಾತ್ರಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ನಸುಕಿನಲ್ಲಿ ಇಬ್ಬನಿ ಸಮೇತ ಹಿಂಡಿ, ಹೊಟ್ಟೆನೋವಿಗೆಂದು ಸೀಸೆಯಲ್ಲಿ ತುಂಬಿಡುತ್ತಿದ್ದರು. ಕಡಲೆ ಹುಳಿ ಅಂದರೆ ಅದೇ. ನಿಲಕ್ಕೋಟ್ಟೈಯಲ್ಲಿ ಮೊಗ್ಗು ಕೆಡಿಸುವ ಪನಿ ಅಲ್ಲಿ ಮದ್ದಾಗಿ ಮನೆಯ ಗೂಡು ಸೇರುತ್ತಿತ್ತು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಂತೂ ಇದೇ ವಾರಗಳಲ್ಲಿ ಆಕಾಶ ನೋಡುತ್ತ ಹೂಮಳೆಯ ಹನಿಗೆ ಕಾಯುತ್ತಿರುತ್ತಾರೆ.

ನಿಲಕ್ಕೋಟ್ಟೈಯ ಮಲ್ಲಿಗೆಯ ಸಾಲುಗಳಲ್ಲಿ ಈಗ ಕಪ್ಪು ಕೊಳವೆಗಳು ಮಲಗಿವೆ. ನಾವು ಹನಿ ನೀರಾವರಿ ಎನ್ನುವುದನ್ನು ತಮಿಳಿನವರು ಸೊಟ್ಟು ನೀರು ಅನ್ನುತ್ತಾರೆ. ಆ ಸೊಟ್ಟು ನಮ್ಮ ತೊಟ್ಟು ಎಂಬ ಮಾತಿಗೆ ಹತ್ತಿರದ್ದು. ಸಣ್ಣ, ಅತಿಸಣ್ಣ ರೈತರಿಗೆ ತಮಿಳುನಾಡು ಸರ್ಕಾರ ಇದರ ಪೂರ್ತಿ ಖರ್ಚನ್ನು ಸಹಾಯಧನವಾಗಿ ಕೊಡುತ್ತದೆ, ಉಳಿದವರಿಗೆ ಶೇಕಡ 75. ಈ ಸೀಮೆಗೆ ನೀರಿನ ಬೆಲೆ ಗೊತ್ತು. ಪಡುವಣಕ್ಕೆ ಹರಿದು ಹೋಗುತ್ತಿದ್ದ ಪೆರಿಯಾರಿನ ನೀರನ್ನು ಎಂಜಿನಿಯರ್ ಪೆನ್ನಿಕ್ವಿಕ್ 1895ರಲ್ಲಿ ಮುಗಿಸಿದ ಅಣೆಕಟ್ಟು ಬೆಟ್ಟದೊಳಗಿಂದ ಈಚೆಗೆ ತಿರುಗಿಸಿತು. ತೇಣಿಯಲ್ಲಿ ಆ ಎಂಜಿನಿಯರನ ಹುಟ್ಟುಹಬ್ಬಕ್ಕೆ ಜನವರಿ 15ರಂದು ಪೊಂಗಲ್ ಬೇಯಿಸುವವರಿದ್ದಾರೆ.

ಹನಿಹನಿಯಾಗಿ ಬೇರಿಗೆ ನೀರು ಕೊಡುವ ಕೊಳವೆಯನ್ನು ವ್ಯಾಪಾರಕ್ಕೆ ತಂದದ್ದು ಇಸ್ರೇಲಿನ ನೆಗೆವ್ ಮರುಭೂಮಿಯ ಹಟ್ಜೆರಿಮ್ ಎಂಬ ಕಿಬುತ್ಸ್, ಅಂದರೆ ಒಟ್ಟುಬೇಸಾಯದ ಹಳ್ಳಿ, 1965ರಲ್ಲಿ. ಗಾಜಾ ಅಲ್ಲಿಂದ ಹೆಚ್ಚು ದೂರವಿಲ್ಲ; ಅಲ್ಲಿ ಕಾಯಬೇಕಾಗಿ ಬಂದದ್ದು ಬೇರೊಂದು ಹನಿಗೆ. 2024ರ ಆಗಸ್ಟಿನಲ್ಲಿ ಗಾಜಾದ ಹತ್ತು ತಿಂಗಳ ಮಗುವೊಂದಕ್ಕೆ ಪೋಲಿಯೋ ತಗಲಿ ಕಾಲು ಸೋತದ್ದು ದೃಢಪಟ್ಟಿತು. 25 ವರ್ಷಗಳಲ್ಲಿ ಅಲ್ಲಿ ಅದೇ ಮೊದಲು. ಒಡೆದ ಚರಂಡಿಗಳ ನಡುವೆ, ಗುಡಾರಗಳಲ್ಲಿ ಲಕ್ಷಾಂತರ ಮಕ್ಕಳು. ಸೆಪ್ಟೆಂಬರಿನಲ್ಲಿ ಯುದ್ಧದ ಗುಂಡಿನ ನಡುವೆ ಕೆಲವು ಗಂಟೆಗಳ ಬಿಡುವು ಮಾಡಿಸಿಕೊಂಡು ಲಸಿಕೆ ಹಾಕಿದರು. ಮೂರನೆಯ ಸುತ್ತು ನಡೆದದ್ದು 2025ರ ಫೆಬ್ರವರಿ 22ರಿಂದ 26ರವರೆಗೆ, ಇದೇ ಮಾಸಿ ತಿಂಗಳಲ್ಲಿ, ಕದನವಿರಾಮದ ನಡುವೆ. ಹತ್ತು ವರ್ಷದೊಳಗಿನ ಸುಮಾರು ಆರು ಲಕ್ಷ ಮಕ್ಕಳಿಗೆ, ಒಬ್ಬೊಬ್ಬರ ಬಾಯಿಗೆ ಎರಡೆರಡು ಹನಿ.

ಯುದ್ಧಕ್ಕೂ ಪನಿ ಎಂಬ ಮಾತು ಬಳಕೆಯಾಗಿದೆ. ನಾವು ಶೀತಲ ಸಮರ ಎಂದದ್ದನ್ನು ತಮಿಳು ಪತ್ರಿಕೆಗಳು ಪನಿಪ್ಪೋರ್ ಎಂದವು. ಆ ಪನಿ ಕರಗಿತು ಅಂದುಕೊಂಡಿದ್ದ ಹೊತ್ತಿಗೆ 2022ರ ಫೆಬ್ರವರಿ 24ರಂದು, ಅದೂ ಮಾಸಿಯಲ್ಲೇ, ರಷ್ಯಾ ಉಕ್ರೇನಿನೊಳಗೆ ನುಗ್ಗಿತು. ನಮ್ಮ ಅಡುಗೆಗೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ಎರಡು ದೇಶಗಳದು. ಒಗ್ಗರಣೆಗೆ ಹಾಕುವ ಎಣ್ಣೆಯನ್ನು ಆ ವರ್ಷ ಎಷ್ಟೋ ಮನೆಗಳಲ್ಲಿ ಅಳೆದು ಹಾಕಿದರು. ಪನಿ ಯಾರ ಮೇಲೆ ಬೀಳುತ್ತದೆ ಎಂದು ಅದನ್ನು ಕಳಿಸಿದವರು ಲೆಕ್ಕ ಹಾಕುವುದಿಲ್ಲ. ಹನಿ ಹಾಕುವವರು ಮಾತ್ರ ಮಗು ಮಗುವನ್ನೂ ಎಣಿಸಬೇಕು.

ನಮ್ಮಲ್ಲಿ ಆ ಎಣಿಕೆ ನಡೆದದ್ದರಿಂದಲೇ 2011ರ ಜನವರಿ 13ರಂದು ಹೌರಾದಲ್ಲಿ ಕಂಡದ್ದು ದೇಶದಲ್ಲಿ ನೈಸರ್ಗಿಕ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣವಾಯಿತು, 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಘೋಷಣೆಯಾಯಿತು. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಕಾಯಿಲೆ ಇನ್ನೂ ಉಳಿದಿರುವುದರಿಂದ ಹನಿ ಹಾಕುವುದನ್ನು ನಿಲ್ಲಿಸಿಲ್ಲ. 2024ರಲ್ಲಿ ಪೋಲಿಯೋ ಭಾನುವಾರ ಮಾರ್ಚ್ 3ಕ್ಕೆ ಬಂತು. ದಿಂಡಿಗಲ್ ಸೀಮೆಯ ಬಸ್ ನಿಲ್ದಾಣಗಳಲ್ಲಿ, ಅಂಗನವಾಡಿಗಳಲ್ಲಿ ಆ ಹನಿಯನ್ನು ಸೊಟ್ಟು ಮರುಂದು ಎಂದು ಕೂಗುತ್ತಾರೆ. ಕನ್ನಡ ಮಾತಾಡುವ ತಾಯಿ ಹನಿ ಹಾಕಿಸಿಕೊಂಡು ಬಂದೆ ಅನ್ನುತ್ತಾಳೆ.

ಆ ಲಸಿಕೆಗೆ ಶಾಖ ಆಗದು. ತಯಾರಾದ ಜಾಗದಿಂದ ಮಗುವಿನ ಬಾಯಿಯವರೆಗೂ ಅದು ತಂಪಿನಲ್ಲೇ ಸಾಗಬೇಕು. ಗಾಜಾಕ್ಕೆ ಲಸಿಕೆಯ ಜೊತೆಗೆ ಶೀತಲ ಪೆಟ್ಟಿಗೆಗಳನ್ನೂ ಕಳಿಸಬೇಕಾಯಿತು, ಕರೆಂಟಿಲ್ಲದ ಊರಿನಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಇಲ್ಲಿ ಕಾರ್ಯಕರ್ತೆಯರ ಹೆಗಲಿಗೆ ತೂಗುವ ನೀಲಿ ಪೆಟ್ಟಿಗೆಯೊಳಗೂ ಸುತ್ತ ಮಂಜುಗಡ್ಡೆ, ತಮಿಳಿನಲ್ಲಿ ಪನಿಕ್ಕಟ್ಟಿ, ನಡುವೆ ಸೀಸೆ. ಕನ್ನಡ ಬೇರ್ಪಡಿಸಿದ ಚಳಿಯೂ ಎಣಿಕೆಯೂ ಆ ಪೆಟ್ಟಿಗೆಯಲ್ಲಿ ಮತ್ತೆ ಒಟ್ಟಿಗಿವೆ. ಪನಿ ಇಲ್ಲದೆ ಆ ಹನಿ ಕೆಲಸಕ್ಕೆ ಬಾರದು. ಸೀಸೆಯ ಮೇಲೊಂದು ಸಣ್ಣ ಚೌಕವಿರುತ್ತದೆ. ಬಿಸಿ ತಾಗಿದಷ್ಟೂ ಅದು ಕಪ್ಪಾಗುತ್ತ ಹೋಗುತ್ತದೆ, ಸುತ್ತಲಿನ ಬಣ್ಣಕ್ಕೆ ಸಮವಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ಮಾರ್ಚಿನ ಬಿಸಿಲಲ್ಲಿ ಕೂತ ಕಾರ್ಯಕರ್ತೆ ಪ್ರತಿ ಮಗುವಿಗೂ ಮೊದಲು ಆ ಚೌಕ ನೋಡುತ್ತಾಳೆ, ಎರಡು ಹನಿ ಹಾಕುತ್ತಾಳೆ, ಎಡಗೈ ಕಿರುಬೆರಳಿಗೆ ಮಸಿ ಹಚ್ಚಿ ಮುಂದಿನವರನ್ನು ಕರೆಯುತ್ತಾಳೆ.