ಘಟ್ಟದ ಮೇಲಿನಿಂದ ಕಂಡ ಮಂಗಳೂರು

ಮಂಗಳೂರಿನ ಚರಿತ್ರೆಯನ್ನು ಯಾರೇ ಹೇಳಲಿ, ಸಮುದ್ರದಿಂದಲೇ ಶುರು ಮಾಡುತ್ತಾರೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆ, ಅಲ್ಲಿಗೆ ಬಂದ ಹಡಗುಗಳು, ಹಡಗಿನಿಂದ ಇಳಿದ ಜನ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹತ್ತಿರಹತ್ತಿರ ಎರಡು ದಶಕ ಈ ಕರಾವಳಿಯಲ್ಲಿದ್ದು ವ್ಯಾಪಾರ ಮಾಡಿದ. ಅವನ ಪತ್ರಗಳು ಕೈರೋದ ಹಳೆಯ ಯಹೂದಿ ಮಂದಿರವೊಂದರಲ್ಲಿ ಉಳಿದವು. ಅವನ ಕೈಕೆಳಗಿದ್ದ ಬೊಮ್ಮನ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದ. ಆಮೇಲೆ ಪೋರ್ಚುಗೀಸರು, ಕೆಳದಿಯ ನಾಯಕರು, ಹೈದರಾಲಿ. 1784ರ ಮಾರ್ಚ್‌ನಲ್ಲಿ ಟಿಪ್ಪುವಿಗೂ ಕಂಪನಿಗೂ ಇಲ್ಲೇ ಒಪ್ಪಂದವಾಯಿತು. 1799ರಲ್ಲಿ ಊರು ಕಂಪನಿಯ ಕೈಸೇರಿತು.

ಇದೆಲ್ಲ ನಿಜವೇ. ಆದರೆ ಈ ಕಥೆಯಲ್ಲಿ ಊರಿನ ಬೆನ್ನ ಹಿಂದಿರುವ ಘಟ್ಟ ಬರೀ ಪರದೆಯಂತೆ ನಿಂತಿರುತ್ತದೆ. ನಾನು ಕೊಣನೂರಿನಿಂದ ಹೊರಟವನು. ನಮ್ಮೂರಿನ ತೂಗುಸೇತುವೆಯ ಕೆಳಗೆ ಹರಿಯುವ ಕಾವೇರಿ ಪೂರ್ವದ ಸಮುದ್ರಕ್ಕೆ ಹೋಗುತ್ತಾಳೆ. ಜನ ಮಾತ್ರ ಪಡುವಣಕ್ಕೆ ಇಳಿಯುತ್ತಾರೆ. ಆಸ್ಪತ್ರೆಗೆ, ಕಾಲೇಜಿಗೆ, ಕೆಲಸಕ್ಕೆ. "ಗಟ್ಟದ ಕೆಳುಕ್ಕೆ ಹೋಗವ್ರೆ" ಅಂದರೆ ನಮ್ಮಲ್ಲಿ ಮುಕ್ಕಾಲುಪಾಲು ಮಂಗಳೂರಿಗೆ ಅಂತಲೇ ಅರ್ಥ. ಹಿಂದಿನ ಶತಮಾನದ ಕಂದಾಯದ ಪದಗಳ ಮೇಲೆ ಸಂಶೋಧನೆ ಮಾಡುತ್ತಿರುವ ನಾನು ಕೆಲವು ಹಳೆಯ ಪುಸ್ತಕ ನೋಡಲೆಂದು ಎರಡು ವಾರಕ್ಕೆ ಅಲ್ಲಿಗೆ ಹೋಗಿದ್ದೆ. ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಹಾದು ಬಸ್ಸು ಮಂಗಳೂರು ಸೇರಿತು. 1837ರಲ್ಲಿ ಇದೇ ದಿಕ್ಕಿನಿಂದ ಒಂದು ದಂಡು ನಡೆದು ಬಂದು ಈ ಪಟ್ಟಣವನ್ನು ಹದಿಮೂರು ದಿನ ಹಿಡಿದಿಟ್ಟುಕೊಂಡಿತ್ತು ಎಂಬುದು ಓದಿ ಗೊತ್ತಿತ್ತು. ಆ ಹದಿಮೂರು ದಿನವನ್ನು ಈ ಊರು ಯಾವ ಹೆಸರಿನಲ್ಲಿ ಇಟ್ಟುಕೊಂಡಿದೆ ಎನ್ನುವುದು ಅಲ್ಲಿಗೆ ಹೋದ ಮೇಲೆ ನನ್ನನ್ನು ಕಾಡತೊಡಗಿತು.

ಜ್ಯೋತಿ ವೃತ್ತದಿಂದ ಏರು ಹತ್ತಿದರೆ ಸಿಗುವ ಗುಡ್ಡಕ್ಕೆ ಎರಡು ಹೆಸರು. ಇಂಗ್ಲಿಷಿನಲ್ಲಿ ಲೈಟ್‌ಹೌಸ್ ಹಿಲ್. ಹಡಗುಗಳಿಗೆ ದಾರಿ ತೋರಿಸಿದ ಹಳೆಯ ದೀಪಸ್ತಂಭ ಈಗಲೂ ಅಲ್ಲಿದೆ. ಕನ್ನಡದಲ್ಲಿ ಬಾವುಟಗುಡ್ಡೆ. 1837ರ ಏಪ್ರಿಲ್‌ನಲ್ಲಿ ಕಂಪನಿಯ ಬಾವುಟ ಇಳಿಸಿ ಬಂಡಾಯದವರು ತಮ್ಮ ಬಾವುಟ ಏರಿಸಿದ್ದು ಇಲ್ಲೇ ಎಂದು ಊರವರು ಹೇಳುತ್ತಾರೆ. ಒಂದು ಹೆಸರು ಕಡಲಿನ ಕಡೆ ಮುಖ ಮಾಡಿದ್ದು, ಇನ್ನೊಂದು ಘಟ್ಟದಿಂದ ಇಳಿದು ಬಂದವರ ನೆನಪಿನದು. 2022ರ ನವೆಂಬರ್‌ನಲ್ಲಿ ಅಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿದೆ.

ಅವರು ಇಳಿದು ಬಂದದ್ದೇಕೆ? 1834ರಲ್ಲಿ ಕಂಪನಿ ಕೊಡಗಿನ ಮೇಲೆ ದಂಡೆತ್ತಿ ಹೋಗಿ ಹಾಲೇರಿ ವಂಶದ ಕೊನೆಯ ದೊರೆ ಚಿಕವೀರ ರಾಜೇಂದ್ರನನ್ನು ಪಟ್ಟದಿಂದ ಇಳಿಸಿತು. ದೊರೆಯ ಕಥೆ ನಮಗೆ ಗೊತ್ತು. ಮಾಸ್ತಿಯವರ ಕಾದಂಬರಿಯನ್ನು ಓದದವರು ಕಡಿಮೆ. ಅಷ್ಟಾಗಿ ಗೊತ್ತಿಲ್ಲದ ಕಥೆ ಘಟ್ಟದ ಕೆಳಗಿನ ಅಮರ ಸುಳ್ಯ ಮತ್ತು ಪುತ್ತೂರಿನ ಮಾಗಣೆಗಳದು. ಅಲ್ಲಿಯವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಆ ಸೀಮೆಯನ್ನು ಕಂಪನಿ ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ರೈತನ ಮಟ್ಟಿಗೆ ಇದು ಬರೀ ನಕ್ಷೆಯ ಬದಲಾವಣೆ ಆಗಿರಲಿಲ್ಲ. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡಬಹುದಿತ್ತು. ಕಂಪನಿ ನಗದು ಕೇಳಿತು.

ನಗದು ಎಂಬ ಆ ಒಂದು ಪದದ ಹಿಂದೆ ಇಡೀ ಮಂಗಳೂರು ಕೂತಿದೆ. ಬೆಳೆಯಲ್ಲಿ ಪಾಲು ಕೊಡುವವನಿಗೆ ಬೆಳೆ ಕಡಿಮೆಯಾದರೆ ಕೊಡುವ ಪಾಲೂ ಕಡಿಮೆ. ನಗದು ಕಟ್ಟುವವನಿಗೆ ಆ ರಿಯಾಯಿತಿ ಇಲ್ಲ. ಮಳೆ ಬರಲಿ ಬಾರದಿರಲಿ, ಅಂಕಿ ಅಂಕಿಯೇ. ಕಿಸ್ತಿನ ದಿನಕ್ಕೆ ಸರಿಯಾಗಿ ಭತ್ತ ಮಾರಬೇಕು. ಎಲ್ಲರೂ ಒಟ್ಟಿಗೆ ಮಾರುವ ಕಾಲದಲ್ಲಿ ಬೆಲೆ ಬಿದ್ದಿರುತ್ತದೆ. ಆ ದಶಕದಲ್ಲಂತೂ ಮದರಾಸು ಪ್ರಾಂತ್ಯದ ಉದ್ದಗಲಕ್ಕೂ ಧಾನ್ಯದ ಬೆಲೆ ಕುಸಿದಿತ್ತು. ಮಾರುವುದಾದರೂ ಯಾರಿಗೆ? ಬಂಟ್ವಾಳ, ಪಾಣೆಮಂಗಳೂರಿನ ಸಾಹುಕಾರರಿಗೆ, ಅವರ ಮೂಲಕ ಅಕ್ಕಿಯನ್ನು ಹಡಗಿಗೆ ಹಾಕುವ ಮಂಗಳೂರಿನ ವರ್ತಕರಿಗೆ. ಹೀಗೆ ರೈತನ ಭತ್ತ ಒಂದು ದಾರಿಯಲ್ಲಿ ಬಂದರಿಗೆ ಹೋಯಿತು, ಅದರಿಂದ ಸಿಕ್ಕ ಹಣ ಇನ್ನೊಂದು ದಾರಿಯಲ್ಲಿ ಅದೇ ಊರಿನ ಕಲೆಕ್ಟರ ಕಚೇರಿಗೆ ಹೋಯಿತು. ಇದರ ಜೊತೆಗೆ ಉಪ್ಪು, ಹೊಗೆಸೊಪ್ಪು ಎರಡರ ಮಾರಾಟವನ್ನೂ ಕಂಪನಿ ತನ್ನ ಏಕಸ್ವಾಮ್ಯ ಮಾಡಿಕೊಂಡಿತ್ತು. ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ಹುಟ್ಟಿದ ನನಗೆ, ಎಲೆಯಡಿಕೆಯ ಜೊತೆ ಬಾಯಿಗೆ ಹಾಕುವ ಒಂದು ಚೂರು ಸೊಪ್ಪಿಗೂ ಸರ್ಕಾರ ಹೇಳಿದ ಬೆಲೆ ಕೊಡಬೇಕಾಗಿ ಬಂದವರ ಸಿಟ್ಟು ಬೇಗ ಅರ್ಥವಾಗುತ್ತದೆ.

1837ರ ಮಾರ್ಚ್ ಕೊನೆಯಲ್ಲಿ ಆ ಸಿಟ್ಟು ಒಡೆಯಿತು. ಕಂಪನಿಯ ಪರವಾಗಿದ್ದ ಅಟ್ಲೂರು ರಾಮಪ್ಪಯ್ಯನನ್ನು ಕೊಂದರು. ಬೆಳ್ಳಾರೆಯ ಖಜಾನೆಯನ್ನು ವಶಮಾಡಿಕೊಂಡರು. ಸುಳ್ಯ ಸೀಮೆಯ ಗೌಡರು ಮುಂದಾಳುಗಳಾಗಿದ್ದರು, ಆದರೆ ದಂಡಿನಲ್ಲಿ ಅವರಷ್ಟೇ ಇರಲಿಲ್ಲ. ನಂದಾವರದ ಜೈನ ಅರಸು ಮನೆತನದ ಲಕ್ಷ್ಮಪ್ಪ ಬಂಗರಸ ದಾರಿಯಲ್ಲಿ ಕೂಡಿಕೊಂಡ. ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರಿಗೆ ಬಂದರು. ಸೆರೆಮನೆಯ ಬಾಗಿಲು ತೆರೆಯಿತು. ಕಂಪನಿಯ ಕಟ್ಟಡಗಳಿಗೆ ಬೆಂಕಿ ಬಿತ್ತು. ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿನ ಕಡೆ ಹೋದರು. ಹದಿಮೂರು ದಿನಗಳಾದ ಮೇಲೆ ಸೈನ್ಯ ಬಂತು, ಎಲ್ಲ ಮುಗಿಯಿತು.

ಈ ದಂಡಿನ ಮುಂದೆ ಇದ್ದವನು ಕಲ್ಯಾಣಸ್ವಾಮಿ, ಹಾಲೇರಿ ವಂಶದ ವಾರಸುದಾರ ಎಂದು ಜನ ನಂಬಿದ್ದರು. ಆದರೆ ಕಲ್ಯಾಣಸ್ವಾಮಿ ಎಂದು ಹೇಳಿಕೊಂಡಿದ್ದ ಮೊದಲಿನವನು ಅಷ್ಟು ಹೊತ್ತಿಗಾಗಲೇ ಕಂಪನಿಯ ಸೆರೆಯಲ್ಲಿದ್ದ. ಅವನ ಹೆಸರಿನಲ್ಲಿ ಮಂಗಳೂರಿಗೆ ಬಂದವನು ಪುಟ್ಟಬಸಪ್ಪ, ಉತ್ತರ ಕೊಡಗಿನ ಶನಿವಾರಸಂತೆಯ ಕಡೆಯವನು. ಶನಿವಾರಸಂತೆ, ಕೊಡ್ಲಿಪೇಟೆ ಎಂದರೆ ನಮ್ಮ ಅರಕಲಗೂಡು ತಾಲ್ಲೂಕಿನ ಪಕ್ಕದ ಸೀಮೆ. ಅಲ್ಲಿನವರು ಮಾತಾಡುವ ಕನ್ನಡ ನಮ್ಮದಕ್ಕಿಂತ ಬಹಳ ಬೇರೆಯಲ್ಲ. ದೊರೆಯ ಹೆಸರು ಹೊತ್ತ ಈ ಮನುಷ್ಯನನ್ನು, ಬಂಗರಸನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಮಂಗಳೂರು ಈ ಘಟನೆಗೆ ಇಟ್ಟ ಹೆಸರು 'ಕಲ್ಯಾಣಪ್ಪನ ಕಾಟಕಾಯಿ.' ಕಾಟ ಕೊಡುವವರು ಕಾಟಕರು, ಅವರು ಮಾಡಿದ್ದು ಕಾಟಕಾಯಿ. ಅಂದರೆ ಲೂಟಿ, ಉಪಟಳ. ನಾನು ಉಳಿದುಕೊಂಡಿದ್ದ ಮನೆಯ ಹಿರಿಯರ ಹತ್ತಿರ ಅಮರ ಸುಳ್ಯದ ಹೋರಾಟದ ವಿಷಯ ತೆಗೆದಾಗ ಅವರಿಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ, "ಓ, ಕಲ್ಯಾಣಪ್ಪನ ಕಾಟಕಾಯಿಯಾ? ಹಾಗೆ ಹೇಳಿ ಮಾರಾಯ್ರೆ, ನಮ್ಮ ಅಜ್ಜ ಹೇಳ್ತಿದ್ರು" ಎಂದರು. ಹೆಸರಿನ ಎರಡು ಪದಗಳಲ್ಲಿ ಮೊದಲನೆಯದು ಅಲ್ಲಿಗೆ ಬಾರದೇ ಇದ್ದವನದು. ಎರಡನೆಯದು ಬಂದವರ ಉದ್ದೇಶವನ್ನು ಹೇಳುವುದಿಲ್ಲ, ನೋಡಿದವರ ಭಯವನ್ನು ಹೇಳುತ್ತದೆ. ಪುಟ್ಟಬಸಪ್ಪ ಎರಡೂ ಕಡೆ ಇಲ್ಲ.

ಹಾಗಾದರೆ ಈ ಹೆಸರನ್ನು ಬಿಸಾಡಬೇಕೇ? ಇತ್ತೀಚಿನ ಬರಹಗಳಲ್ಲಿ, ಭಾಷಣಗಳಲ್ಲಿ ಅದನ್ನು ಬ್ರಿಟಿಷರು ಅಂಟಿಸಿದ ಕಳಂಕ ಎಂದು ತಳ್ಳಿಹಾಕಿ, 1857ಕ್ಕೂ 20 ವರ್ಷ ಮೊದಲೇ ನಡೆದ ಸ್ವಾತಂತ್ರ್ಯ ಸಂಗ್ರಾಮ ಎಂದು ಕರೆಯುವುದು ರೂಢಿಯಾಗಿದೆ. ನನಗೆ ಅಷ್ಟು ಸುಲಭವಾಗಿ ಒಪ್ಪಲಾಗುವುದಿಲ್ಲ. ಕಾಟಕಾಯಿ ಅಚ್ಚ ಊರಿನ ಮಾತು, ಯಾವ ಕಲೆಕ್ಟರನೂ ಸೃಷ್ಟಿಸಿದ ಪದವಲ್ಲ. ಆಯುಧ ಹಿಡಿದ ಸಾವಿರಾರು ಜನ ಪೇಟೆಗೆ ನುಗ್ಗಿದಾಗ ಅಂಗಡಿ ಬಾಗಿಲು ಹಾಕಿಕೊಂಡು ಒಳಗೆ ಕೂತವನಿಗೆ ಅವರ ಕಂದಾಯದ ಕಷ್ಟ ಕಾಣುವುದಿಲ್ಲ. ಅವನ ಭಯವೂ ದಾಖಲೆಯೇ. ಇನ್ನೊಂದು ಕಡೆ, ಸ್ವಾತಂತ್ರ್ಯ ಸಂಗ್ರಾಮ ಎಂಬ ಹೆಸರು ಗೌರವ ಕೊಡುತ್ತದೆ, ಆದರೆ ಅವರು ಕೇಳಿದ್ದನ್ನು ಮರೆಸುತ್ತದೆ. ಅವರು ಕೇಳಿದ್ದು ಹಾಲೇರಿ ಅರಸು ಮತ್ತೆ ಬರಲಿ, ನಗದು ಕಂದಾಯ ಹೋಗಲಿ ಎಂದು. ಒಂದು ಹಿಂದಿನದರ ಆಸೆ, ಇನ್ನೊಂದು ಹೊಟ್ಟೆಯ ಪ್ರಶ್ನೆ. ಎರಡೂ ಒಂದೇ ದಂಡಿನಲ್ಲಿ ನಡೆದು ಬಂದಿದ್ದವು.

ಪೇಟೆಯ ಮಾತೊಂದೇ ಉಳಿದದ್ದಕ್ಕೆ ಇನ್ನೊಂದು ಕಾರಣವೂ ಕಾಣುತ್ತದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು ಇದೇ ಊರಿನಲ್ಲಿ, 1843ರ ಜುಲೈ 1ರಂದು. ಬಂಡಾಯವಾಗಿ ಆರು ವರ್ಷವಾಗಿತ್ತು. ಅದನ್ನು ಶುರು ಮಾಡಿದ ಹರ್ಮನ್ ಮೊಗ್ಲಿಂಗ್ 1836ರಲ್ಲೇ ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಷನ್ನಿನ ಪಾದ್ರಿ. 1855ರಲ್ಲಿ ಪ್ರಕಟವಾದ ಅವನ ಕೊಡಗಿನ ಪುಸ್ತಕದಲ್ಲಿ ಈ ದಂಗೆಯ ವಿವರ ಇದೆ, ಆದರೆ ಅದು ಇಂಗ್ಲಿಷಿನಲ್ಲಿ. ಆ ಹೊತ್ತಿನಲ್ಲಿ ಘಟನೆಯ ಬಗ್ಗೆ ಕಂಪನಿಯೂ ಕನ್ನಡ ಅಕ್ಷರ ಮೂಡಿಸಿತು. ದಂಗೆ ಅಡಗಿಸಲು ತನ್ನ ಪರ ನಿಂತ ಕೊಡಗಿನವರಿಗೆ ಅದು ಕೊಟ್ಟ ಪದಕದ ಒಂದು ಮಗ್ಗುಲಲ್ಲಿ ಕನ್ನಡದ ಬರಹವಿದೆ. ನಿಷ್ಠೆಗೆ ಕನ್ನಡದಲ್ಲಿ ಲೋಹದ ಸಾಕ್ಷಿ ಸಿಕ್ಕಿತು. ಬಂಡಾಯ ಹೆಚ್ಚಾಗಿ ಬಾಯಿಮಾತಿನಲ್ಲೇ ಉಳಿಯಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಸುಳ್ಯ ಸೀಮೆಯವರೇ ಆದ ನಿರಂಜನರು ಆ ಬಾಯಿಮಾತಿಗೆ 'ಕಲ್ಯಾಣಸ್ವಾಮಿ' ಕಾದಂಬರಿಯ ರೂಪ ಕೊಟ್ಟರು.

ಇದನ್ನೆಲ್ಲ ಇಷ್ಟು ಹಿಂಜಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಡೆಯ ಹುಡುಗರು ಈಗಲೂ ಘಟ್ಟ ಇಳಿದು ಆ ಊರಿಗೆ ಹೋಗುತ್ತಾರೆ. ಹೋದವರಿಗೆ ಅಲ್ಲಿ ತಾವು ಹೊರಗಿನವರು, ಊರಿನ ಚರಿತ್ರೆಯಲ್ಲಿ ತಮಗೇನೂ ಪಾಲಿಲ್ಲ ಎನಿಸುತ್ತದೆ. ಸಮುದ್ರದಿಂದ ಶುರುವಾಗುವ ಕಥೆ ಕೇಳಿದರೆ ಹಾಗೆ ಅನಿಸುವುದು ಸಹಜ. ಆದರೆ ಬಂದರಿಗೆ ಹೊರೆ ಇಳಿಸಿದವರು, ಕಚೇರಿಗೆ ಕಂದಾಯ ಕಟ್ಟಿದವರು, ಒಮ್ಮೆ ಆ ಕಚೇರಿಯನ್ನೇ ಸುಟ್ಟವರು ಎಲ್ಲ ಒಳನಾಡಿನ ದಾರಿಯಲ್ಲೇ ಬಂದವರು. ಬಂದರು ಪಟ್ಟಣಕ್ಕೆ ಎರಡು ಬಾಗಿಲು ಇರುತ್ತವೆ. ಪಶ್ಚಿಮದ ಬಾಗಿಲಿನಿಂದ ಬಂದವರ ಹೆಸರು ಕೈರೋದಲ್ಲೂ ಸಿಗುತ್ತದೆ. ಪೂರ್ವದ ಬಾಗಿಲಿನಿಂದ ಬಂದವರದನ್ನು ನಾವೇ ಹುಡುಕಬೇಕು.

ಮುಂದೆ ನೀವು ಮಂಗಳೂರಿಗೆ ಹೋದರೆ ಬಾವುಟಗುಡ್ಡೆ ಹತ್ತಿ. ಸಮಯವಿದ್ದರೆ ಅಲ್ಲಿಂದ ಊರಿನ ಪೂರ್ವ ಭಾಗದ ಬಿಕರ್ನಕಟ್ಟೆಗೂ ಹೋಗಿ. ನಾನು ಹೋದಾಗ ಅಲ್ಲಿ ಬಸ್ಸು, ಲಾರಿಗಳ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ರಸ್ತೆ ಬದಿಯಲ್ಲಿ ನಿಂತು ಪುಟ್ಟಬಸಪ್ಪ ಎಂಬ ಹೆಸರನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಪಕ್ಕದಲ್ಲಿ ಅವನ ಸೀಮೆಯ ಹೆಸರನ್ನೂ.